ನಾಯಿಗೂ ‘ನೀವು’ ಅನ್ನುತ್ತಿದ್ದ ಮಿಸ್ಸಮ್ಮ

ಮಿಸ್ಸಮ್ಮ ನಮ್ಮ ಭಾಷೆಯನ್ನು ಒಬ್ಬ ಪಂಡಿತರಿಂದ ಕಲಿತರು. ಆ ಪಂಡಿತರು ಬಹಳ ಮರ್ಯಾದಸ್ತರು. ತಮ್ಮೆದುರು ಯಾರಾದರೂ ಏಕವಚನ ಆಡಿದರೆ ಮೈಮೇಲೆ ಹಲ್ಲಿ ಬಿದ್ದವರ ಹಾಗೆ ಕೊಡವಿಕೊಳ್ಳುತ್ತಿದ್ದರಂತೆ. ಹಾಗಾಗಿ ‘ನೀವು, ಬನ್ನಿ, ಕುಳಿತುಕೊಳ್ಳಿ’ ಇಷ್ಟನ್ನು ಚೆನ್ನಾಗಿ ಕಲಿಸಿ, ‘ನೀನು, ಬಾ, ಕೂತ್ಕೋ’ ಎಂಬ ಪಾಠ ಬಂದಾಗ ಆ ಪುಟವನ್ನೇ ಮಗುಚಿಬಿಟ್ಟರು. “ಇದು ಜಗಳ ಆಡೋರ ಭಾಷೆ, ನಿಮಗೆ ಬೇಡ” ಎಂದರಂತೆ. ಆ ಒಂದು ಪುಟ ಹಾರಿಸಿದ್ದರಿಂದ ಒಂದು ಹೆಣ್ಣುಮಗು ನಮ್ಮ ಕೈತಪ್ಪಿ ಹೋಗುವುದರಲ್ಲಿತ್ತು.

ನಾನು ಮಿಸ್ಸಮ್ಮ ನಡೆಸುತ್ತಿದ್ದ ಅನಾಥ ಮಕ್ಕಳ ಹೋಮಿನ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ಇದ್ದೆ. ಮೂವತ್ತೆರಡು ತಟ್ಟೆ, ಮೂವತ್ತೆರಡು ಲೋಟ, ಎರಡು ದೊಡ್ಡ ಒಲೆ. ಮಿಸ್ಸಮ್ಮ ಸಮುದ್ರದಾಚೆಯ ದೇಶದವರು. ಹೋಮು ನಡೆಸಲು ಬಂದಾಗ ತಂದದ್ದು ಒಂದು ಟ್ರಂಕು, ಒಂದು ಬೈಬಲ್ಲು, ಒಂದು ಬೂದು ಬಣ್ಣದ ಉಣ್ಣೆ ಕೋಟು. ನಮ್ಮ ಸೆಖೆಯಲ್ಲಿ ಆ ಕೋಟಿಗೇನು ಕೆಲಸ? ಆಫೀಸು ಕೋಣೆಯ ಬಾಗಿಲ ಹಿಂದೆ ಮೊಳೆಗೆ ಹಾಕಿದ್ದು ಅಲ್ಲೇ ಉಳಿಯಿತು. ಕಣ್ಣಾಮುಚ್ಚಾಲೆ ಆಡುವಾಗ ಸಣ್ಣ ಮಕ್ಕಳು ಅದರೊಳಗೆ ನುಗ್ಗಿ ನಿಲ್ಲುತ್ತಿದ್ದವು. ಕೆಳಗೆ ಎರಡು ಪುಟ್ಟ ಪಾದ ಎದ್ದು ಕಾಣುತ್ತಿದ್ದರೂ ಹುಡುಕುವವರು ಕಾಣದವರಂತೆ ಎರಡು ಸುತ್ತು ಹಾಕಿ, ಆಮೇಲೆ ಹಿಡಿಯುತ್ತಿದ್ದರು.

ಬೆಳಿಗ್ಗೆ ಐದೂವರೆಯ ಗಂಟೆ ಹೊಡೆಯುವುದು ಮಿಸ್ಸಮ್ಮನೇ. ಗಂಟೆಗೆ ಮೊದಲು ಒಮ್ಮೆ ಮಂಚಗಳ ಸಾಲಿನ ನಡುವೆ ಬರಿಗಾಲಲ್ಲಿ ನಡೆದು, ಪ್ರತಿಯೊಂದು ಹಣೆಯ ಮೇಲೂ ಅಂಗೈ ಹಿಂದುಮುಂದಾಗಿ ಇಟ್ಟು ಜ್ವರ ನೋಡುವರು. ಯಾವ ಮಗುವಾದರೂ ಹಾಸಿಗೆ ಒದ್ದೆ ಮಾಡಿಕೊಂಡಿದ್ದರೆ ಆ ದುಪ್ಪಟಿಯನ್ನು ಬೇರೆಯವರು ಏಳುವ ಮುಂಚೆಯೇ ಸುತ್ತಿ ತೊಟ್ಟಿಗೆ ಹಾಕಿ ಬರುವರು. ಆಮೇಲೆ ಪ್ರಾರ್ಥನೆ, ತಿಂಡಿ, ಮೂವತ್ತೆರಡು ತಲೆ ಬಾಚುವ ಗಲಾಟೆ. ಮಕ್ಕಳು ಸ್ಕೂಲಿಗೆ ಹೋದ ಮೇಲೆ ಎರಡೇ ಬೆರಳಲ್ಲಿ ಟೈಪ್ ಮಾಡುತ್ತ ಕೂರುವರು. ತಮ್ಮ ದೇಶದ ಚರ್ಚಿನ ಸಭೆಯವರಿಗೆ ಪ್ರತಿಯೊಂದು ಮಗುವಿನ ಸಮಾಚಾರ ಬರೆಯಬೇಕಿತ್ತು. ಯಾವ ಹಲ್ಲು ಬಿತ್ತು, ಯಾರು ಕೊನೆಗೂ ಬೂಟಿನ ದಾರ ಕಟ್ಟಲು ಕಲಿತರು, ಎಲ್ಲವೂ ಆ ಕಾಗದದಲ್ಲಿ ಹೋಗುತ್ತಿತ್ತು. ಮೆಷಿನ್ನಿನ ಟಕ್ ಟಕ್ ನಿಂತಿತೆಂದರೆ ಯಾವುದೋ ಪದಕ್ಕೆ ತಡವರಿಸುತ್ತಿದ್ದಾರೆ ಎಂದು ನಾನು ಒಲೆಯ ಮುಂದೆ ಕೂತೇ ಲೆಕ್ಕ ಹಾಕುತ್ತಿದ್ದೆ.

ಈಗ ಮಿಸ್ಸಮ್ಮ ಇಲ್ಲ. ವಯಸ್ಸಾದ ಮೇಲೆ ತಮ್ಮ ದೇಶಕ್ಕೆ ಹೋದರು, ಅಲ್ಲೇ ತೀರಿಕೊಂಡರು ಎಂದು ಕಾಗದ ಬಂತು. ಹೋಮಿಗೂ ಹೊಸ ಕಟ್ಟಡವಾಗಿದೆ. ಗ್ಯಾಸಿನ ಒಲೆ, ನಲ್ಲಿ, ಟೈಲ್ಸು. ಚೆನ್ನಾಗಿದೆ, ಇಲ್ಲವೆನ್ನುವುದಿಲ್ಲ. ಆದರೂ ಎಲ್ಲಾದರೂ ಟೈಪಿನ ಸದ್ದು ಕೇಳಿದರೆ ನನ್ನ ಕೈ ತಾನಾಗಿಯೇ ಮಿಸ್ಸಮ್ಮನ ಚಹಾಕ್ಕೆ ನೀರಿಡಲು ಹೋಗುತ್ತದೆ.

ಅವರ ಬಹುವಚನ ಯಾರನ್ನೂ ಬಿಟ್ಟಿರಲಿಲ್ಲ. ಹಾಲಿನವನಿಗೆ ‘ಬನ್ನಿ’. ಕಿಟಕಿಯ ಮೇಲೆ ಕೂತ ಬೆಕ್ಕಿಗೆ ‘ಇಳಿಯಿರಿ’. ಒಂದು ಸಲ ನಾನು ನೀರು ತರುವಷ್ಟರಲ್ಲಿ ಹಾಲು ಉಕ್ಕಿ ಬಂದಿತ್ತು. ಇವರು ಕೈಯಲ್ಲಿ ಮಸಿಬಟ್ಟೆ ಹಿಡಿದು “ನಿಲ್ಲಿ, ನಿಲ್ಲಿ” ಅನ್ನುತ್ತ ಒಲೆಯ ಸುತ್ತ ಓಡಾಡುತ್ತಿದ್ದರು. ಮರ್ಯಾದೆ ಕೊಟ್ಟರೆ ಹಾಲು ಕೇಳುತ್ತದೆಯೇ? ಅರ್ಧ ಪಾತ್ರೆ ಒಲೆಯ ಪಾಲಾಯಿತು.

ಮಕ್ಕಳೂ ಹಾಗೆಯೇ ಕಲಿತವು. ಹಿತ್ತಲಲ್ಲಿ ಜಗಳ ಹತ್ತಿದರೆ ಕೇಳಬೇಕಿತ್ತು.

“ನೀವು ಕತ್ತೆ!”

“ನಾನ್ಯಾಕೆ? ನೀವು ಕತ್ತೆ, ನಿಮ್ಮ ತಾತನವರೂ ಕತ್ತೆ!”

ಹಾಲಿನವನು ಕ್ಯಾನು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. “ನಿಮ್ಮ ಹೋಮಿನ ಮಕ್ಕಳು ಬೈದರೂ ಸನ್ಮಾನ ಮಾಡಿದ ಹಾಗಿರುತ್ತೆ ಕಣಕ್ಕಾ” ಅನ್ನುತ್ತಿದ್ದ. ನಮಗೆಲ್ಲ ಅದು ನಗೆಯ ವಿಷಯವೇ ಆಗಿತ್ತು, ಗಂಟು ಬರುವವರೆಗೆ.

ಗಂಟು ಎಂದರೆ ಏಳು ವರ್ಷದ ಒಂದು ಹುಡುಗಿ. ಅವಳ ತಾಯಿ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು, ಅಪ್ಪನ ಸುಳಿವು ಮೊದಲೇ ಇರಲಿಲ್ಲ. ಅಲ್ಲಿನ ನರ್ಸಮ್ಮ ಒಂದು ಮಧ್ಯಾಹ್ನ ಕೈಹಿಡಿದು ಕರೆತಂದು ಬಿಟ್ಟರು. ಹಳೆಯ ದುಪ್ಪಟಿಯ ಚೂರಿನಲ್ಲಿ ಕಟ್ಟಿದ ಒಂದು ಗಂಟು ಅವಳ ಕಂಕುಳಲ್ಲಿತ್ತು. ಅದನ್ನು ಪೆಟ್ಟಿಗೆಯಲ್ಲಿಡು ಎಂದರೆ ಇಡಲಿಲ್ಲ, ಮೊಳೆಗೆ ಹಾಕು ಎಂದರೆ ಹಾಕಲಿಲ್ಲ. ಊಟಕ್ಕೆ ಕೂತರೆ ತೊಡೆಯ ಮೇಲೆ ಗಂಟು, ಮಲಗಿದರೆ ತಲೆಯಡಿ ಗಂಟು, ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಎದೆಗವಚಿ ಗಂಟು. ಮಕ್ಕಳು ಹೆಸರಿಡುವುದರಲ್ಲಿ ತಡ ಮಾಡುತ್ತವೆಯೇ? ಮೂರನೇ ದಿನಕ್ಕೆ ‘ಗಂಟು ಅವರೇ’ ಆದಳು.

ಮಿಸ್ಸಮ್ಮ ಅವಳನ್ನು ಹೂವಿನಂತೆ ನೋಡಿಕೊಂಡರು. “ಬನ್ನಿ, ಇಲ್ಲಿ ಕುಳಿತುಕೊಳ್ಳಿ, ಇನ್ನೂ ಸ್ವಲ್ಪ ಅನ್ನ ಹಾಕಿಸಿಕೊಳ್ಳಿ.” ಎಲ್ಲ ಮಕ್ಕಳಿಗೂ ಒಂದೊಂದು ಸಣ್ಣ ಕೆಲಸವಿದ್ದರೆ ಇವಳಿಗೆ ಮಾತ್ರ ಬೇಡ ಎಂದರು, ತಾಯಿ ಕಳೆದುಕೊಂಡ ಮಗು, ಮೂರು ತಿಂಗಳು ಆರಾಮವಾಗಿರಲಿ ಎಂದು. ಅವಳೋ ದಿನದಿಂದ ದಿನಕ್ಕೆ ಬಿಗಿಯಾಗುತ್ತ ಹೋದಳು. ಅರ್ಧ ಊಟಕ್ಕೇ “ಸಾಕು” ಅನ್ನುವಳು. ಚಪ್ಪಲಿ ಬಿಚ್ಚುತ್ತಿರಲಿಲ್ಲ.

ಎರಡು ತಿಂಗಳಾದ ಮೇಲೆ ಅವಳ ಚಿಕ್ಕಪ್ಪ ಬಂದ. ಇಸ್ತ್ರಿ ಅಂಗಿ, ಬಾಯಿ ತುಂಬ ಮಾತು. “ನಮ್ಮ ಅಣ್ಣನ ರಕ್ತ, ಹೀಗೆ ಅನಾಥರ ಮಧ್ಯೆ ಬೆಳೀಬೇಕಾ?” ಎಂದು ಕಣ್ಣೊರೆಸಿಕೊಂಡ. ಹೊರಗೆ ಗೇಟಿನ ಹತ್ತಿರ ವಾಚ್‌ಮನ್ ಜೊತೆ ಆಡಿದ ಮಾತೇ ಬೇರೆ. ನಾನು ಅಲ್ಲೇ ಗೋಡೆಯ ಈಚೆ ಬಟ್ಟೆ ಒಣಹಾಕುತ್ತಿದ್ದೆ.

“ಮೂರು ಸಣ್ಣ ಮಕ್ಕಳು ಮಾರಾಯ, ನನ್ನ ಹೆಂಡ್ತಿ ಕೈಲಿ ಆಗ್ತಿಲ್ಲ. ಪಾತ್ರೆ ತೊಳೆಯೋಕೆ, ಮಗು ಎತ್ಕೊಳ್ಳೋಕೆ ಒಂದು ಕೈ ಆಗುತ್ತೆ.”

“ಸ್ಕೂಲು?” ಎಂದ ವಾಚ್‌ಮನ್.

“ಹೆಣ್ಣು ಹುಡುಗಿ, ಓದಿ ಯಾವ ಕೋಟೆ ಕಟ್ಟಬೇಕು?”

ಅವನು ಅರ್ಜಿ ಕೊಟ್ಟ. ಮಕ್ಕಳ ಕಚೇರಿಯಿಂದ ಒಬ್ಬ ಅಧಿಕಾರಿ ಮೇಡಂ ವಿಚಾರಣೆಗೆ ಬಂದರು. ಒಳ್ಳೆಯ ಹೆಂಗಸು, ಆದರೆ ಕಾನೂನಿನ ಹೆಂಗಸು. ಊಟದ ಕೋಣೆಯಲ್ಲಿ ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು ಮೆತ್ತಗೆ ಕೇಳಿದರು.

“ಇಲ್ಲಿ ಚೆನ್ನಾಗಿದ್ಯಾ ಪುಟ್ಟಿ?”

“ಹೂಂ.”

“ಇದು ನಿನ್ನ ಮನೆ ಅನ್ಸುತ್ತಾ?”

“ಇಲ್ಲ” ಎಂದಳು. “ನಾನಿಲ್ಲಿ ನೆಂಟರು.”

ಮೇಡಂ ಪೆನ್ನು ನಿಲ್ಲಿಸಿ ಮಿಸ್ಸಮ್ಮನ ಕಡೆ ನೋಡಿದರು, ಆಮೇಲೆ ಬರೆದುಕೊಂಡರು. ಹೊರಡುವಾಗ ಮರೆಮಾಚದೆ ಹೇಳಿದರು: “ಮಗು ಇಲ್ಲಿಗೆ ಹೊಂದಿಕೊಂಡಿಲ್ಲ. ರಕ್ತಸಂಬಂಧಿ ಕೇಳ್ತಿದ್ದಾರೆ. ಹದಿನೈದು ದಿನ ಬಿಟ್ಟು ಸೋಮವಾರ ಕಚೇರಿಗೆ ಕರ್ಕೊಂಡು ಬನ್ನಿ. ಆಗ್ಲೂ ಹೀಗೇ ಹೇಳಿದ್ರೆ ನಾನು ಅವರ ಜೊತೆ ಕಳಿಸಬೇಕಾಗುತ್ತೆ.”

ಆ ಶನಿವಾರ ಹೇನು ತೆಗೆಯುವ ದಿನ. ಗಂಟುವಿನ ತಲೆಯನ್ನು ಮಂಡಿಯ ನಡುವೆ ಹಿಡಿದು ಬಾಚಣಿಗೆ ಆಡಿಸುತ್ತ ಕೇಳಿದೆ. ಮಕ್ಕಳ ಮನಸ್ಸಿನ ಮಾತು ತಲೆ ಬಾಚುವಾಗ ಬರುವಷ್ಟು ಸಲೀಸಾಗಿ ಬೇರೆ ಯಾವಾಗಲೂ ಬರುವುದಿಲ್ಲ, ಮುಖ ನೋಡಬೇಕಿಲ್ಲವಲ್ಲ.

“ನಿನ್ನ ಯಾರೇ ನೆಂಟಳು ಅಂದೋರು?”

“ಮಿಸ್ಸಮ್ಮನೇ ಅಂತಾರಲ್ಲ. ಬನ್ನಿ, ಕೂತ್ಕೊಳ್ಳಿ, ಇನ್ನೊಂಚೂರು ಹಾಕಿಸ್ಕೊಳ್ಳಿ ಅಂತ. ನಮ್ಮನೇಗೆ ನೆಂಟರು ಬಂದ್ರೆ ನಮ್ಮಮ್ಮನೂ ಹಂಗೇ ಅಂತಿದ್ಳು.”

“ಆಮೇಲೆ?”

“ಅವ್ರು ಅತ್ಲಾಗೆ ಹೋದ ತಕ್ಷಣ ‘ಅಬ್ಬಾ, ಹೋದ್ರಲ್ಲಪ್ಪಾ’ ಅಂತಿದ್ಳು.”

ನನ್ನ ಕೈಯಲ್ಲಿದ್ದ ಬಾಚಣಿಗೆ ಅಲ್ಲೇ ನಿಂತಿತು. “ಅಯ್ಯೋ ಹುಚ್ಚಿ, ಅವರು ಎಲ್ಲರಿಗೂ ಹಾಗೇ ಅನ್ನೋದು ಕಣೇ!”

“ಹಂಗಾದ್ರೆ ಎಲ್ಲರೂ ನೆಂಟರೇ” ಎಂದಳು. “ಮೊನ್ನೆ ದೊಡ್ಡಕ್ಕ ಪೆಟ್ಟಿಗೆ ತಗೊಂಡು ಹೋದ್ರಲ್ಲ.” ಹದಿನೆಂಟು ತುಂಬಿದ ಹುಡುಗಿಯೊಬ್ಬಳು ನರ್ಸಿಂಗ್ ಕಲಿಯಲು ಹೋಗಿದ್ದಳು; ಇವಳು ಅದನ್ನು ಹೀಗೆ ಜೋಡಿಸಿಕೊಂಡಿದ್ದಳು. ಕೆಲವು ಮಕ್ಕಳು ವಕೀಲರಾಗಿಯೇ ಹುಟ್ಟುತ್ತವೆ.

ಮಿಸ್ಸಮ್ಮನಿಗೆ ಹೇಳಿದಾಗ ಅವರು ಮಣೆಯ ಮೇಲೆ ಕುಸಿದು ಕೂತರು. “ನಾನು ಅವರಿಗೆ ಗೌರವ ಕೊಟ್ಟೆ, ಅಕ್ಕನವರೇ.”

“ಗೌರವ ಜಾಸ್ತಿ ಆಯ್ತು ಮಿಸ್ಸಮ್ಮ. ‘ನೀನು’ ಅನ್ನಿ. ‘ಬಾರೇ’ ಅನ್ನಿ.”

“‘ನೀನು’ ಎನ್ನುವುದು ದೇವರಿಗೆ ಮಾತ್ರ. ಪ್ರಾರ್ಥನೆಯಲ್ಲಿ ಹೇಳುತ್ತೇನೆ. ಮನುಷ್ಯರಿಗೆ ಹೇಗೆ ಹೇಳಲಿ?”

ಆದರೂ ಕಲಿಯಲು ಕೂತರು. ನಾನು ಈರುಳ್ಳಿ ಹೆಚ್ಚುತ್ತ ಹೇಳಿಕೊಡುವುದು, ಅವರು ಕಣ್ಣೀರು ಸುರಿಸುತ್ತ ಒಪ್ಪಿಸುವುದು. ‘ಬಾರೇ ದಯವಿಟ್ಟು’ ಅನ್ನುವರು. ‘ದಯವಿಟ್ಟು ಬೇಡ’ ಎಂದರೆ ಉಪ್ಪಿಲ್ಲದ ಊಟ ತಿಂದವರ ಮುಖ ಮಾಡುವರು. ಹೊಸ ಚಪ್ಪಲಿಯ ಹಾಗೆ ಆ ಮಾತು ಎಲ್ಲೆಲ್ಲೋ ಕಚ್ಚಿತು. ಹಾಲಿನವನಿಗೆ “ಬಾರೋ” ಎಂದರು, ಅವನು ಬೆಚ್ಚಿ ಹಾಲು ಚೆಲ್ಲಿದ. ಭಾನುವಾರ ಚರ್ಚಿನ ಬಾಗಿಲಲ್ಲಿ, ಎಪ್ಪತ್ತು ವರ್ಷದ ಪಾದ್ರಿಗಳ ಕೈಕುಲುಕಿ “ಏನೋ, ಚೆನ್ನಾಗಿದ್ದೀಯಾ?” ಎಂದರು. ಪಾದ್ರಿಗಳು ನನ್ನನ್ನು ಪಕ್ಕಕ್ಕೆ ಕರೆದು, “ಮಿಸ್ಸಮ್ಮನಿಗೆ ಜ್ವರ ಏನಾದ್ರೂ ಇದೆಯೇನಮ್ಮಾ?” ಎಂದು ಪಿಸುಗುಟ್ಟಿದರು.

ಕೊನೆಗೆ ಹುಡುಗಿಯ ಮೇಲೆ ಪ್ರಯೋಗ ಮಾಡಿದರು. ತಟ್ಟೆಯ ಮುಂದೆ ನಿಂತು, ಉಸಿರು ಬಿಗಿಹಿಡಿದು, “ನೀನು… ಊಟ… ಮಾಡು” ಎಂದರು. ಮರಕ್ಕೆ ಮೊಳೆ ಹೊಡೆದಂತಿತ್ತು ಆ ಮಾತು. ಹುಡುಗಿಯ ಕೈ ತಟ್ಟೆಯಲ್ಲೇ ನಿಂತು, ಕಣ್ಣು ತುಂಬಿ ಬಂತು. “ನಾನೇನು ತಪ್ಪು ಮಾಡ್ದೆ? ಯಾಕೆ ಬೈತೀರಿ?” ಎಂದು ಬಿಕ್ಕಿದಳು. ಮಿಸ್ಸಮ್ಮ ನೆಲಕ್ಕೆ ಕೂತು, “ಕ್ಷಮಿಸಿ, ಕ್ಷಮಿಸಿ, ನೀವು ಏನೂ ತಪ್ಪು ಮಾಡಲಿಲ್ಲ” ಎಂದು ಅವಳ ಕೈ ಹಿಡಿದುಕೊಂಡರು. ಅಲ್ಲಿಗೆ ಪಾಠ ಮುಗಿಯಿತು. ದಿನಗಳು ಒಂಬತ್ತು ಉಳಿದಿದ್ದವು.

ನನಗೆ ಆ ಮಧ್ಯಾಹ್ನ ಪಾತ್ರೆ ಉಜ್ಜುವಾಗ ಹೊಳೆಯಿತು. ನೆಂಟರ ಕೈಗೆ ಯಾರಾದರೂ ಪೊರಕೆ ಕೊಡುತ್ತಾರೆಯೇ? “ಮಿಸ್ಸಮ್ಮ, ಅವಳಿಗೆ ಕೆಲಸ ಹೇಳಿ” ಎಂದೆ. ಅವರು ಮುಖ ಗಂಟಿಕ್ಕಿದರು. “ಆ ಚಿಕ್ಕಪ್ಪನವರೂ ಕೆಲಸಕ್ಕೇ ಕೇಳುತ್ತಿದ್ದಾರೆ.” ನಾನು ಹೇಳಿದೆ: “ಅವನು ಎಲ್ಲರ ಪಾಲಿನ ಕೆಲಸ ಅವಳಿಗೆ ಹಾಕ್ತಾನೆ. ನಾವು ಅವಳ ಪಾಲಿನದ್ದು ಅವಳಿಗೆ ಕೊಡೋದು. ಎಲ್ಲ ಮಕ್ಕಳ ಹಾಗೆ.” ಅವರು ತಲೆಯಾಡಿಸಿ ಒಪ್ಪಿದರು.

ಸಂಜೆಯ ಬ್ರೆಡ್ಡಿನ ಬುಟ್ಟಿ ಕಾಯುವ ಕೆಲಸ ಅವಳಿಗೆ ಬಂತು. ಬೇಕರಿಯವನು ಹಿತ್ತಲ ಬಾಗಿಲಲ್ಲಿ ಬುಟ್ಟಿ ಇಟ್ಟು ಹೋಗುತ್ತಿದ್ದ. ಅದನ್ನು ಎಣಿಸಿ ಒಳಗೆ ತರಬೇಕು. ಎರಡು ದಿನ ಸುಮ್ಮನೆ ಮಾಡಿದಳು. ಮೂರನೇ ದಿನ ಹಿತ್ತಲಿಗೆ ಬರುತ್ತಿದ್ದ ಕಂದು ನಾಯಿ ಬುಟ್ಟಿಗೆ ಮೂತಿ ಹಾಕಿತು. ಮಿಸ್ಸಮ್ಮನೇ ಮೊದಲು ಕಂಡರು.

“ನಾಯಿಯವರೇ, ಅದನ್ನು ಬಿಡಿ. ದಯವಿಟ್ಟು ಹೊರಗೆ ಹೋಗಿ.”

ನಾಯಿ ಬಾಲ ಅಲ್ಲಾಡಿಸಿ ಎರಡನೇ ಬ್ರೆಡ್ಡಿಗೆ ಬಾಯಿ ಹಾಕಿತು. ಅಷ್ಟರಲ್ಲಿ ಗಂಟು ಒಳಗಿನಿಂದ ಪೊರಕೆ ಹಿಡಿದು ನುಗ್ಗಿದಳು. “ಹಚಾ! ನಡಿ ಆಚೆ, ಕಳ್ಳ ನನ್ಮಗನೇ!” ನಾಯಿ ಕಾಂಪೌಂಡು ಹಾರಿ ಓಡಿತು. ಅವಳು ತಿರುಗಿ, ಸೊಂಟಕ್ಕೆ ಕೈಯಿಟ್ಟು, ಮಿಸ್ಸಮ್ಮನನ್ನು ಮೇಲಿಂದ ಕೆಳಗೆ ನೋಡಿದಳು.

“ನಾಯೀನ ಯಾರಾದ್ರೂ ‘ಹೋಗಿ’ ಅಂತಾರಾ ಮಿಸ್ಸಮ್ಮ? ಹಂಗಂದ್ರೆ ಅದು ಹೋಗುತ್ತಾ? ಇನ್ನೊಂದು ಬ್ರೆಡ್ಡು ಹಾಕಿ ಅಂತ ಕೂತ್ಕೊಳುತ್ತೆ.”

“ಹಾಗಾದರೆ ಏನು ಹೇಳಬೇಕು? ನನಗೆ ಹೇಳಿಕೊಡಿ” ಎಂದರು ಮಿಸ್ಸಮ್ಮ. ನಾಟಕವಲ್ಲ, ನಿಜವಾಗಿ ಕೇಳಿದರು. ಹುಡುಗಿ ಅವರ ಮುಖವನ್ನೇ ಬಹಳ ಹೊತ್ತು ನೋಡಿದಳು. ಇಷ್ಟು ದೊಡ್ಡ ಹೆಂಗಸು, ಒಂದು ನಾಯಿ ಓಡಿಸಲೂ ಬರುವುದಿಲ್ಲವಲ್ಲ ಎಂದು ಅವಳಿಗೆ ಆಗ ತಾನೇ ಗೊತ್ತಾಗಿತ್ತು.

ಅಂದಿನಿಂದ ಅವಳು ಮಿಸ್ಸಮ್ಮನ ಬೆನ್ನು ಬಿಡಲಿಲ್ಲ. ಗುಂಡಿ ಹೊಲಿಯುತ್ತಿದ್ದರೆ ಪಕ್ಕದಲ್ಲಿ ಕೂತು, “ಅಯ್ಯೋ, ದಾರ ಗಂಟಾಯ್ತು, ಕೊಡಿ ಇಲ್ಲಿ” ಅನ್ನುವಳು. ಹಾಲಿಟ್ಟರೆ ಓಡಿ ಬಂದು ಒಲೆಯ ಮುಂದೆ ನಿಲ್ಲುವಳು. ಊಟ ಹೆಚ್ಚಾಯಿತು, ದನಿ ಏರಿತು. ಆದರೆ ಆ ದುಪ್ಪಟಿ ಗಂಟು ಮಾತ್ರ ತಲೆಯಡಿಯೇ ಇತ್ತು. ಸೋಮವಾರ ಬೆಳಿಗ್ಗೆ ಹೊರಡುವಾಗ ಅದನ್ನೂ ಕಂಕುಳಿಗೆ ಇಟ್ಟುಕೊಂಡಳು. ಮಿಸ್ಸಮ್ಮ ಅದನ್ನು ನೋಡಿದರು. ಅವರ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

ಕಚೇರಿಯಲ್ಲಿ ಕಬ್ಬಿಣದ ಬೀರುಗಳು, ದಾರ ಕಟ್ಟಿದ ಕಡತಗಳು, ಕಿರಗುಟ್ಟುವ ಒಂದು ಫ್ಯಾನು. ಚಿಕ್ಕಪ್ಪ ಅದೇ ಇಸ್ತ್ರಿ ಅಂಗಿಯಲ್ಲಿ ಮೊದಲೇ ಬಂದು ಕೂತಿದ್ದ. ಕಂಕುಳ ಗಂಟು ಕಂಡು, “ನೋಡಿ ಮೇಡಂ, ಬರೋಕೆ ತಯಾರಾಗೇ ಬಂದಿದ್ದಾಳೆ” ಎಂದ. ಅವನು ಹೇಳಿದ್ದು ನಿಜವಿರಬಹುದೆಂದು ನನಗೂ ಹೆದರಿಕೆಯಾಯಿತು.

“ಪುಟ್ಟಿ, ನಿಂಗೆ ಚಿಕ್ಕಪ್ಪನ ಮನೆಗೆ ಹೋಗೋಕೆ ಇಷ್ಟಾನಾ?” ಎಂದು ಮೇಡಂ ಕೇಳಿದರು.

ಹುಡುಗಿ ಚಪ್ಪಲಿಯ ತುದಿ ನೋಡುತ್ತ ನಿಂತಳು. ಮಿಸ್ಸಮ್ಮನಿಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಪುಸ್ತಕದ ಮಾತಿನಲ್ಲಿ ಶುರು ಮಾಡಿದರು. “ಅಧಿಕಾರಿಯವರೇ, ನಾನು ತಪ್ಪು ಮಾಡಿದ್ದೇನೆ. ನನ್ನ ಭಾಷೆಯ ದೋಷದಿಂದ ಇವರಿಗೆ ದುಃಖವಾಯಿತು. ಇವರಿಗೆ ಹೋಗಬೇಕೆಂದಿದ್ದರೆ ನಾನು ಇವರನ್ನು…”

“ಥೂ, ನೀ ಸುಮ್ನಿರು ಮಿಸ್ಸಮ್ಮ!” ಎಂದಳು ಹುಡುಗಿ. “ನಿಂಗೆ ಮಾತಾಡೋಕೆ ಬರಲ್ಲ, ನಾನು ಹೇಳ್ತೀನಿ. ಮೇಡಂ, ನಾನು ಹೋಗಲ್ಲ. ಇವಳಿಗೆ ನಾಯಿ ಓಡ್ಸೋಕೂ ಬರಲ್ಲ. ಹಾಲು ಉಕ್ಕಿದ್ರೆ ನಿಲ್ಲಿ ನಿಲ್ಲಿ ಅಂತಾಳೆ. ನಾನು ಹೋದ್ರೆ ಇವಳನ್ನ ನೋಡ್ಕೊಳ್ಳೋರು ಯಾರು?”

“ಮತ್ತೆ ಈ ಗಂಟು ಯಾಕೆ ತಂದೆ?”

“ಇದು ನಮ್ಮಮ್ಮಂದು. ಅಲ್ಲಿ ಬಿಟ್ಟು ಬಂದು, ನೀವು ನನ್ನನ್ನ ಚಿಕ್ಕಪ್ಪನ ಜೊತೆ ಕಳಿಸಿಬಿಟ್ರೆ, ಆಮೇಲೆ ಇದನ್ನ ಯಾರು ತಂದ್ಕೊಡ್ತಾರೆ?”

ಮೇಡಂ ಚಿಕ್ಕಪ್ಪನ ಕಡೆ ತಿರುಗಿ, “ಇವಳು ಯಾವ ಕ್ಲಾಸು?” ಎಂದರು. ಅವನು ಫ್ಯಾನು ನೋಡಿದ. “ಎರಡು… ಮೂರಿರಬೇಕು.” ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನನಗೂ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ದಿನಾ ಬೆಳಿಗ್ಗೆ ನನ್ನ ಹೀಗೇ ಗದರಿಸ್ತಾರೆ. ಈ ದನಿ ಗುರುತು ಹಿಡಿಯೋಕೆ ನನಗೆ ಯಾವ ಕಾಗದಾನೂ ಬೇಡ” ಎಂದು ಹೇಳಿ, ಕಡತದಲ್ಲಿ ಎರಡು ಸಾಲು ಬರೆದು ಸಹಿ ಹಾಕಿದರು. ಹುಡುಗಿ ನಮ್ಮಲ್ಲೇ ಇರಬೇಕೆಂದು ಆಯಿತು.

ವಾಪಸು ಬಸ್ಸಿನಲ್ಲಿ ನಾನು ನಗುತ್ತಲೇ ಇದ್ದೆ. ಹುಡುಗಿ ಮಿಸ್ಸಮ್ಮನ ತೋಳಿಗೆ ತಲೆಯಾನಿಸಿ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಮಿಸ್ಸಮ್ಮ ಮಾತ್ರ ಗೆದ್ದು ಬಂದವರ ಹಾಗೆ ಕಾಣಲಿಲ್ಲ. ಮೂರು ಸ್ಟಾಪು ದಾಟಿದ ಮೇಲೆ ಬಹಳ ಸಣ್ಣ ದನಿಯಲ್ಲಿ ಕೇಳಿದರು.

“ಅಕ್ಕನವರೇ, ಅಷ್ಟು ಜನರ ಮುಂದೆ ಇವರು ನನ್ನನ್ನು ಯಾಕೆ ಬೈದರು?”

“ಯಾರು ಬೈದ್ರು?”

“ಇವರು. ‘ನೀನು’ ಎಂದರು. ‘ಇವಳು’ ಎಂದರು. ನನ್ನ ಮೇಲೆ ಇನ್ನೂ ಕೋಪವಿದೆಯೇ?”

ನಾನು ಅವರ ಕಡೆ ತಿರುಗಿದೆ. “ಅಯ್ಯೋ ನನ್ನ ಮಿಸ್ಸಮ್ಮ! ನನ್ನ ಮಗ ನನ್ನನ್ನ ಏನಂತಾನೆ? ಊಟ ಹಾಕು, ನೀನು ಬಾ, ನೀನು ಹೋಗು ಅಂತಾನೆ. ಅಪ್ಪ ಬಂದ್ರೆ ‘ನೀವು’ ಅಂತಾನೆ. ಊರಿಗೆಲ್ಲ ನೀವು, ಹೆತ್ತೋಳಿಗೆ ಮಾತ್ರ ನೀನು. ಯಾವ ಮಗುಗೂ ಇದನ್ನ ಯಾರೂ ಕಲಿಸೋದಿಲ್ಲ.”

ಅವರು ಕಿಟಕಿಯ ಕಡೆ ಮುಖ ಮಾಡಿಕೊಂಡರು, ನಾನೂ ನೋಡಲು ಹೋಗಲಿಲ್ಲ. ನಮ್ಮ ಸ್ಟಾಪು ಬಂತು. ನಾನು ಎದ್ದು ನಿಂತೆ, ಅವರು ಏಳಲಿಲ್ಲ.

“ಇಳೀಬೇಕು ಮಿಸ್ಸಮ್ಮ. ಮಕ್ಕಳು ಸ್ಕೂಲಿಂದ ಬರೋ ಹೊತ್ತು.”

“ಇವರು ನಿದ್ದೆ ಮಾಡುತ್ತಿದ್ದಾರೆ” ಎಂದರು. “ಮುಂದಿನದರಲ್ಲಿ ಇಳಿಯೋಣ.”

ಮುಂದಿನ ಸ್ಟಾಪಿನಲ್ಲೂ ಅದನ್ನೇ ಹೇಳಿದರು. ಕಡೆಯ ಸ್ಟಾಪಿನಲ್ಲಿ ಕಂಡಕ್ಟರು ಬಂದು, “ಇಳೀರಮ್ಮಾ, ಇನ್ನು ಮುಂದಕ್ಕೆ ರಸ್ತೆಯೇ ಇಲ್ಲ” ಎಂದ ಮೇಲೆಯೇ, ಏಳು ವರ್ಷದ ಆ ದೊಡ್ಡ ಹುಡುಗಿಯನ್ನು ಎಬ್ಬಿಸದೆ ಹೆಗಲಿಗೆ ಹಾಕಿಕೊಂಡು ಎದ್ದರು.